ನಿಮಿಷಕ್ಕೆ ಇಪ್ಪತ್ತೆಂಟು ಏಟು

2005ರಲ್ಲಿ ನಾನು ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ನಡೆಸುತ್ತಿದ್ದೆ. ಅದಕ್ಕೆ ಮೊದಲು ಎಂಟು ವರ್ಷ ಟಿ.ವಿ. ರಿಪೇರಿ ಮಾಡಿದವನು. ಹೆದ್ದಾರಿಯುದ್ದಕ್ಕೂ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಬೆಳಿಗ್ಗೆ ಆರಕ್ಕೆಲ್ಲ ಕಂಪನಿ ವ್ಯಾನುಗಳು ಹಳ್ಳಿಗಳಿಂದ ಕೆಲಸಗಾರರನ್ನು ತುಂಬಿಕೊಂಡು ಹೊರಡುತ್ತಿದ್ದವು. ಅಂಥ ಮೂರು ಕಾರ್ಖಾನೆಗಳ ಆಫೀಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಾಂಟ್ರ್ಯಾಕ್ಟ್ ನನ್ನದಾಗಿತ್ತು.

ಆ ವರ್ಷ ಆಷಾಢದಲ್ಲಿ ಅಕ್ಕೂರಿನಿಂದ ಶಿವಣ್ಣ ಎಂಬ ರೇಷ್ಮೆ ಬೆಳೆಗಾರ ಅಂಗಡಿಗೆ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಫ್ಲಾಪಿಯನ್ನು ಮೇಜಿನ ಮೇಲಿಟ್ಟ.

"ಸಾರ್, ಇದ್ರೊಳಗೆ ಒಂದು ಗೇಮ್ ಐತೆ. ನಮ್ಮ ತಂಗಿ ರೇಣುಕಾ ಐಸ್ಕೂಲ್‌ನಾಗೆ ಆಡ್ತಿದ್ಲು. ಹೊಸಾ ಕಂಪ್ಯೂಟ್ರಲ್ಲಿ ಓಡ್ತಾ ಇಲ್ಲ. ಒಸಿ ನೋಡಿ."

ರೇಣುಕಾಗೆ ಇಪ್ಪತ್ಮೂರು ವರ್ಷ. ಲೋಹದ ತಗಡನ್ನು ಅಚ್ಚಿಗೆ ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಮುಂದೆ ಕೂರುತ್ತಿದ್ದಳು. ಮೂರು ತಿಂಗಳ ಹಿಂದೆ ಪ್ರೆಸ್ ಅವಳ ಬಲಗೈಯ ನಾಲ್ಕು ಬೆರಳು ತೆಗೆದುಕೊಂಡಿತ್ತು. ಎಡಗೈಯಲ್ಲಿ ಟೈಪಿಂಗ್ ಕಲಿತರೆ ಮುಂದೆ ಡಿ.ಟಿ.ಪಿ. ಕೆಲಸವಾದರೂ ಸಿಕ್ಕೀತು ಎಂದು ಅಣ್ಣ ಕಂಪ್ಯೂಟರ್ ತಂದಿಟ್ಟಿದ್ದ. ಅವಳು ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದು ದಿನ ಮಾತ್ರ ಆ ಆಟ ಇದ್ದರೆ ಕೂರುತ್ತೇನೆ ಎಂದಿದ್ದಳಂತೆ.

ಶಿವಣ್ಣ ಕಾರ್ಖಾನೆಯ ಹೆಸರು ಹೇಳಿದಾಗ ನಾನು ತಲೆ ಎತ್ತಲಿಲ್ಲ. ನನ್ನ ಮೂರು ಕಾಂಟ್ರ್ಯಾಕ್ಟುಗಳಲ್ಲಿ ಅದೂ ಒಂದು.

ಆಟವನ್ನು ಬರೆದವರು ಅವಳ ಶಾಲೆಯ ಕಂಪ್ಯೂಟರ್ ಮೇಷ್ಟ್ರೇ. ಮೇಲಿನಿಂದ ಮಾವಿನಕಾಯಿಗಳು ಬೀಳುತ್ತವೆ, ಕೆಳಗೊಂದು ಬುಟ್ಟಿ. ಎರಡು ಕೀಗಳಿಂದ ಬುಟ್ಟಿಯನ್ನು ಆಚೀಚೆ ಸರಿಸಿ ಹಿಡಿಯಬೇಕು, ಮೂರು ಕಾಯಿ ತಪ್ಪಿದರೆ ಆಟ ಮುಗಿಯಿತು. ಡಾಸ್ ಕಾಲದ ಪ್ರೋಗ್ರಾಮ್, ಪ್ಯಾಸ್ಕಲ್ ಭಾಷೆಯಲ್ಲಿ ಬರೆದದ್ದು. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ 'ರನ್‌ಟೈಮ್ ಎರರ್ 200' ಎಂದು ತೋರಿಸಿ ನಿಂತುಬಿಟ್ಟಿತು. ಈ ಕಾಯಿಲೆ ನನಗೆ ಹೊಸದಲ್ಲ. ಅಂಥ ಪ್ರೋಗ್ರಾಮುಗಳು ಶುರುವಾಗುವಾಗ ಕಂಪ್ಯೂಟರ್ ಎಷ್ಟು ವೇಗವಾಗಿ ಎಣಿಸುತ್ತದೆ ಎಂದು ಒಮ್ಮೆ ಅಳೆದುಕೊಳ್ಳುತ್ತವೆ. ಹೊಸ ಯಂತ್ರಗಳಲ್ಲಿ ಆ ಲೆಕ್ಕ ಪ್ರೋಗ್ರಾಮ್ ಇಟ್ಟುಕೊಂಡ ಜಾಗಕ್ಕೆ ಹಿಡಿಸದಷ್ಟು ದೊಡ್ಡದಾಗಿ ಬರುತ್ತದೆ, ಪ್ರೋಗ್ರಾಮ್ ಕೈಚೆಲ್ಲುತ್ತದೆ. ಅದನ್ನು ಸರಿಪಡಿಸುವ ಪ್ಯಾಚ್ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಹಾಕಿದೆ. ಆಟದ ಮೊದಲ ಪರದೆ ಬಂತು. ಅಷ್ಟಕ್ಕೇ ತೃಪ್ತನಾಗಿ, ಆಡಿ ನೋಡದೆ, ಭಾನುವಾರ ಅಕ್ಕೂರಿಗೆ ಹೋದೆ.

ರೇಣುಕಾ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. ಎಡಗೈ ಕೀಬೋರ್ಡಿನ ಮೇಲಿಟ್ಟಳು. ಆಟ ಶುರುವಾಯಿತು. ಕಾಯಿಗಳು ಬಿದ್ದದ್ದೇ ಕಾಣಲಿಲ್ಲ, ಪರದೆಯ ಮೇಲೆ ಒಂದು ಗೀರು ಎಳೆದಂತಾಗಿ ಆಟ ಮುಗಿದಿತ್ತು. ಮತ್ತೆ ಒತ್ತಿದಳು. ಮತ್ತೆ ಹಾಗೇ. ಮೂರನೇ ಸಲ ಅವಳ ಬೆರಳು ಕೀ ಮುಟ್ಟುವ ಮೊದಲೇ ಮುಗಿಯಿತು.

ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಅವತ್ತೂ ಹಿಂಗೇ ಆಯ್ತು ಸಾರ್. ಕೈ ತಗಿಯಾಕೆ ಮುಂಚೇನೇ ಬಿದ್ಬುಡ್ತು. ಕಂಪ್ನಿಯೋರು ನಂದೇ ತಪ್ಪು, ಗ್ಯಾನ ಎಲ್ಲೋ ಇತ್ತು ಅಂತ ಬರ್ಕೊಂಡವ್ರೆ. ಆಸ್ಪತ್ರೇಲಿ ಎಡಗೈ ಹೆಬ್ಬೆಟ್ಟು ಒತ್ತುಸ್ಕೊಂಡ್ರು."

ನನಗೆ ತಿಳಿದದ್ದನ್ನು ಹೇಳಿದೆ: "ಇದರಲ್ಲಿ ನಿನ್ನ ತಪ್ಪೇನಿಲ್ಲ ಕಣಮ್ಮ. ಕಾಯಿ ಬೀಳೋ ನಡುವೆ ಸುಮ್ಮನೆ ಇಷ್ಟು ಎಣಿಸು ಅಂತ ಮೇಷ್ಟ್ರು ಬರೆದಿದ್ದಾರೆ. ಹಳೇ ಮೆಷಿನ್ ನಿಧಾನಕ್ಕೆ ಎಣಿಸ್ತಿತ್ತು, ಇದು ಕಣ್ಮುಚ್ಚಿ ಬಿಡೋದ್ರೊಳಗೆ ಎಣಿಸಿ ಮುಗಿಸುತ್ತೆ. ಯಾರು ಕೂತರೂ ಹಿಡಿಯೋಕಾಗಲ್ಲ."

ಅವಳು ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು: "ಆ ವಾರ ನಮ್ಮ ಪ್ರೆಸ್ಸಿಗೂ ಸ್ಪೀಡ್ ಏರ್ಸಿದ್ರು ಅಂತ ನಂಗನ್ಸುತ್ತೆ. ಕೇಳುದ್ರೆ ಇಲ್ಲ ಅಂದ್ರು. ಸ್ಪೀಡ್ ಎಷ್ಟಿತ್ತು ಅಂತ ಎಲ್ಲಾದ್ರೂ ಬರ್ದಿರ್ತಾರಾ ಸಾರ್? ಬರೋ ತಿಂಗ್ಳು ರಾಮನಗರದ ಲೇಬರ್ ಆಫೀಸಲ್ಲಿ ವಿಚಾರಣೆ ಐತೆ."

"ಗೊತ್ತಿಲ್ಲಮ್ಮ," ಎಂದೆ.

ಗೊತ್ತಿತ್ತು. ಅಪಘಾತದ ಮರುವಾರವೇ ಆ ಕಾರ್ಖಾನೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟಿತ್ತು. ಅದರಲ್ಲಿದ್ದ ಶಿಫ್ಟ್ ಶೀಟುಗಳನ್ನು ಉಳಿಸಿಕೊಟ್ಟವನು ನಾನೇ. ಯಾವ ಪ್ರೆಸ್ ಯಾವ ದಿನ ಎಷ್ಟು ವೇಗದಲ್ಲಿ ಓಡಿತು ಎಂಬುದಕ್ಕೆ ಅದರಲ್ಲೊಂದು ಕಾಲಂ ಇತ್ತು. ರೂಢಿಯಂತೆ ಒಂದು ಪ್ರತಿಯನ್ನು ಸಿ.ಡಿ.ಗೆ ಹಾಕಿ ಅಂಗಡಿಯಲ್ಲಿಟ್ಟಿದ್ದೆ. ಅಕ್ಕೂರಿನಿಂದ ಬಂದವನೇ ತೆಗೆದು ನೋಡಿದೆ. ಅವಳ ಪ್ರೆಸ್ ನಿಮಿಷಕ್ಕೆ ಇಪ್ಪತ್ತು ಏಟು ಹೊಡೆಯುತ್ತಿತ್ತು. ಅಪಘಾತಕ್ಕೆ ಎರಡು ದಿನ ಮೊದಲಿನಿಂದ ಇಪ್ಪತ್ತೆಂಟು. ಎಂದರೆ ತಗಡಿಟ್ಟು ಕೈ ತೆಗೆಯಲು ಮೂರು ಸೆಕೆಂಡ್ ಇದ್ದದ್ದು ಎರಡು ಚಿಲ್ಲರೆಗೆ ಇಳಿದಿತ್ತು.

ಆ ವಾರವೆಲ್ಲ ನಾನು ಮಾಡಿದ್ದು ಆಟದ ಕೆಲಸ. ಹಳೆಯ ಕಂಪ್ಯೂಟರಿನಂತೆ ನಟಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಮ್ ಇದೆ. ಅದರೊಳಗೆ ಆಟವನ್ನು ಕೂರಿಸಿ, ವೇಗದ ಅಳತೆಯಾದ ಸೈಕಲ್ ಸಂಖ್ಯೆಯನ್ನು ಮೂರು ಸಾವಿರಕ್ಕೆ ಇಳಿಸಿದಾಗ ಕಾಯಿಗಳು ಮರದಿಂದ ಉದುರುವಂತೆ ನಿಧಾನಕ್ಕೆ ಬಿದ್ದವು. ಅದರಲ್ಲಿ ಮುಳುಗಿದ್ದರೆ ಇನ್ನೊಂದನ್ನು ಯೋಚಿಸಬೇಕಿರಲಿಲ್ಲ.

ಯೋಚನೆ ತಪ್ಪಲಿಲ್ಲ. ಕೆಲಸಗಾರರ ವ್ಯವಹಾರ ನೋಡಿಕೊಳ್ಳುವ, ಕಾರ್ಖಾನೆಯ ಪರ್ಸನೆಲ್ ಆಫೀಸರಿಗೆ ಫೋನ್ ಮಾಡಿ, ನನ್ನಲ್ಲಿ ಆ ಶೀಟುಗಳ ಪ್ರತಿ ಇದೆ, ವಿಚಾರಣೆಗೆ ಬೇಕಾಗಬಹುದಲ್ಲವೇ ಎಂದು ಕೇಳಿದೆ. ಅವರೇ ಒಪ್ಪಿಕೊಂಡಾರು, ಭಾರ ನನ್ನ ಮೇಲಿಂದ ಇಳಿದೀತು ಎಂಬ ಆಸೆ.

"ನಿಮ್ಮ ಕೆಲಸ ರಿಪೇರಿ. ಅದು ಕಂಪನಿಯ ದಾಖಲೆ. ನಾಳೆ ತಂದು ಕೊಟ್ಟುಬಿಡಿ," ಎಂದರು.

ಕೊಟ್ಟೆ. ಕೊಡುವ ಮೊದಲು ಆ ಒಂದು ಪುಟವನ್ನು ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡೆ. ಮೊದಲ ವಿಚಾರಣೆಗೆ ಹೋಗುವ ಧೈರ್ಯ ಬರಲಿಲ್ಲ. ಎರಡನೆಯದಕ್ಕೆ ಹೋಗಿ ಪುಟವನ್ನು ಮುಂದಿಟ್ಟೆ.

"ಇದರ ಮೂಲ ಎಲ್ಲಿದೆ?" ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕೇಳಿದರು.

"ಕಂಪನಿಗೆ ವಾಪಸ್ ಕೊಟ್ಟೆ ಸಾರ್."

ಪರ್ಸನೆಲ್ ಆಫೀಸರ್ ಎದ್ದು ನಿಂತು, ಅಂಥ ಫೈಲ್ ತಮ್ಮಲ್ಲಿಲ್ಲ, ಯಾವುದೇ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಇಂಥ ಹಾಳೆ ಮಾಡಬಹುದು ಎಂದರು. ಅದು ನಿಜವೂ ಹೌದು. ಹಾಳೆ ನನ್ನ ಕೈಗೇ ವಾಪಸ್ ಬಂತು. ಅವಳ ಜೊತೆ ಕೆಲಸ ಮಾಡುತ್ತಿದ್ದವರು ಯಾರೂ ಸಾಕ್ಷಿಗೆ ಬರಲಿಲ್ಲ. ಕೆಲಸಗಾರ್ತಿಯ ಅಜಾಗರೂಕತೆ ಎಂದೇ ತೀರ್ಮಾನವಾಯಿತು.

ಹೊರಗೆ ಜಗಲಿಯಲ್ಲಿ ರೇಣುಕಾ ನನ್ನನ್ನು ನಿಲ್ಲಿಸಿದಳು.

"ನಮ್ಮನೇಲಿ ನಾನು ಕೇಳ್ದಾಗ್ಲೇ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸಿ.ಡಿ. ಆಗ ನಿಮ್ಮತ್ರಾನೇ ಇತ್ತಾ?"

"ಇತ್ತು ಕಣಮ್ಮ."

ಅವಳು ಬೈಯಲಿಲ್ಲ. ಅಣ್ಣನ ಜೊತೆ ಮೆಟ್ಟಿಲಿಳಿದು ಬಸ್ಸಿಗೆ ಹೋದಳು.

ಎರಡು ವರ್ಷದ ಮೇಲೆ ಶಿವಣ್ಣ ಸಂತೆಯಲ್ಲಿ ಸಿಕ್ಕ. ಅವಳು ಒಂದೇ ಕೈಯಲ್ಲಿ ಟೈಪಿಂಗ್ ಕಲಿತು ಕನಕಪುರದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ ಎಂದ. ಆ ಆಟ ಆಡ್ತಾಳಾ ಎಂದು ಕೇಳಿದೆ.

"ನೀವು ಸರಿ ಮಾಡಿ ಕಳ್ಸಿದ್ರಲ್ಲ, ಒಂದ್ಸಲ ಆಡುದ್ಲು ಸಾರ್. ಎಲ್ಲಾ ಕಾಯೂ ಹಿಡುದ್ಲು. ತೀರ್ಮಾನ ಬಂದ ದಿನ ಅಳಿಸಾಕ್ಬುಟ್ಲು."

ಮೂವತ್ತು ವರ್ಷದ ರಿಪೇರಿ ಕೆಲಸದಲ್ಲಿ ಯಂತ್ರ ಕೆಟ್ಟಾಗಲೆಲ್ಲ ಮೊದಲು ಕೇಳಿದ ಮಾತು 'ಯಾರು ಏನು ಒತ್ತಿದರು' ಎಂಬುದೇ. ಯಂತ್ರವನ್ನು ಯಾರು ಹೇಗೆ ಹೊಂದಿಸಿಟ್ಟರು ಎಂದು ಕೇಳಿದವರು ಕಡಿಮೆ. ಅದು ಗೊತ್ತಾಗುವುದು ಅನೇಕ ಸಲ ನಮ್ಮಂಥ ರಿಪೇರಿಯವರಿಗೆ ಮಾತ್ರ. ಗೊತ್ತಾದ ಗಳಿಗೆಯಲ್ಲೇ ಬಾಯಿ ಬಿಟ್ಟರೆ ಅದು ಸಾಕ್ಷಿ. ತಿಂಗಳುಗಟ್ಟಲೆ ತಡೆದು ಬಾಯಿ ಬಿಟ್ಟರೆ, ಯಾರು ಬೇಕಾದರೂ ಮಾಡಬಹುದಾದ ಒಂದು ಹಾಳೆ.