ಕೊಲೆಗಾರ ಯಾರೆಂದು ಹೇಳಬೇಡ

“ಅಕ್ಕಾ, ಕೊಲಿ ಮಾಡಿದವ್ರು ಯಾರಂತ ಹೇಳಿಬಿಡ್ಲೇನು?” ನನ್ನ ಬಾಯಿಂದ ಮಾತು ಬಂದೇಬಿಟ್ಟಿತು. ಅಮೆರಿಕದ ಇಸ್ಸಾಕ್ವಾ ಊರಿನ ಆಸ್ಪತ್ರೆಯಲ್ಲಿ ಅಕ್ಕನಿಗೆ ಕ್ಯಾನ್ಸರಿನ ಕೀಮೋ ಏರಿಸುತ್ತಿದ್ದರು. ಅವಳ ತೊಡೆಯ ಮೇಲೆ ನಾನೇ ಓದಿ ಮುಗಿಸಿ ತಂದುಕೊಟ್ಟ ಪತ್ತೇದಾರಿ ಕಾದಂಬರಿಯಿತ್ತು. ಬಹಳ ಹಿಂದೆ ಬ್ರಿಟನ್ನಿನ ರೇಡಿಯೋದಲ್ಲಿ ವಾರಕ್ಕೊಂದು ಕಂತಾಗಿ ಬಂದ ನಾಟಕವನ್ನು ಕಾದಂಬರಿ ಮಾಡಿದ್ದು, ಈಗ ಮರುಮುದ್ರಣವಾಗಿದೆ. ಎರಡು ಪುಟ ಓದುವಷ್ಟರಲ್ಲಿ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ಮುಗಿಸುತ್ತಾಳೋ ಇಲ್ಲವೋ ಎಂಬ ಭಯ ನನಗೆ.

ಅಕ್ಕ ಕಣ್ಣು ಬಿಟ್ಟಳು. “ಯಾಕ, ಕಡೀ ಪುಟದ ತನಕ ನಾ ಇರಂಗಿಲ್ಲ ಅಂತ ಮಾಡೀಯೇನು? ರೇಡಿಯೋ ಕೇಳೋ ಮಂದಿ ಮುಂದಿನ ವಾರದ ತನಕ ಕಾಯ್ತಿದ್ರಲ್ಲ, ನಾನೂ ಕಾಯ್ತೀನಿ. ಬಾಯಿ ಮುಚ್ಕೊಂಡು ಕೂಡು!” ನರ್ಸ್‌ಗೆ ಭಾಷೆ ತಿಳಿಯದಿದ್ದರೂ ನಾನು ಬೈಸಿಕೊಂಡದ್ದು ತಿಳಿಯಿತು, ನಕ್ಕುಬಿಟ್ಟಳು.

ಇನ್ನೆರಡು ಕೀಮೋ ಆಗುವಷ್ಟರಲ್ಲಿ ಅಕ್ಕ ಪುಸ್ತಕ ಮುಗಿಸಿದಳು. ಕಥೆಯಲ್ಲಿ ಬರುವ ಡಾಕ್ಟರೇ ಕೊಲೆಗಾರ ಎಂಬ ಅವಳ ಊಹೆ ತಪ್ಪಾಗಿತ್ತು. “ಬರದಾಂವಗ ತಿಳಿದಿಲ್ಲ, ಡಾಕ್ಟರೇ ಕೊಂದಾನ,” ಎಂದು ಕಾರಿನಲ್ಲಿ ಮನೆ ಮುಟ್ಟುವವರೆಗೂ ವಾದಿಸಿದಳು.

ಚಿಕಿತ್ಸೆ ಇನ್ನೂ ನಡೆದಿದೆ. ಈಗ ನಾನು ಅಂಥ ಪುಸ್ತಕದ ಎರಡೆರಡು ಪ್ರತಿ ಕೊಂಡು, ಒಂದನ್ನು ಅಕ್ಕನ ಪಕ್ಕದಲ್ಲೇ ಕೂತು ಓದುತ್ತೇನೆ. ಕೊನೆ ಏನೆಂದು ನನಗೂ ಗೊತ್ತಿರುವುದಿಲ್ಲ.