ಡ್ರಿಲ್ ಮೇಷ್ಟ್ರು

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಡ್ರಿಲ್ ಮೇಷ್ಟ್ರು ಅಂತಲೇ ಕರೆಯುತ್ತಾರೆ; ಅವರು ಡ್ರಿಲ್ ಮಾಡಿಸುವುದು ಮಾತ್ರ, ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಆಕರಕೋಶಗಳಿಗೆ. ರಬ್ಬರಿನ ಹಾಳೆಯ ಮೇಲೆ ಅವುಗಳನ್ನು ಬಿತ್ತಿ, ಎಳೆದು ಬಿಡುವ ಯಂತ್ರಕ್ಕೆ ಸಿಕ್ಕಿಸಿ, ಪಕ್ಕದ ಸ್ಟೂಲಿನಲ್ಲಿ ಕೂತು ತಾವೂ "ಎಳಿ, ಬಿಡು" ಎಂದು ಗುನುಗುತ್ತಾರೆ. ಹೊಸ ವಿದ್ಯಾರ್ಥಿ ಬಂದರೆ ಅದೇ ಪಾಠ: "ಮೆತ್ತನೆ ಹಾಸಿಗೆ ಕೊಟ್ರೆ ಕೊಬ್ಬಾಗ್ತವೆ, ಗಟ್ಟಿ ನೆಲ ಕೊಟ್ರೆ ಮೂಳೆ. ದಿನಾ ಎಳೆದ್ರೆ ಸ್ನಾಯು ಆಗ್ತವೆ. ಎಳೆಯೋದು ನಿಲ್ಲಿಸಿದ್ರೆ ಕಲಿತದ್ದೆಲ್ಲ ಮರೆತುಬಿಡ್ತವಪ್ಪ." ಕರೆಂಟು ಹೋದರೆ ಊಟದ ಡಬ್ಬಿ ಬಿಟ್ಟು ಓಡಿ, ಕೈಗವಸು ತೊಟ್ಟು, ಹಾಳೆಯನ್ನು ಕೈಯಿಂದಲೇ ಎಳೆಯುತ್ತಾ ನಿಲ್ಲುತ್ತಾರೆ. ಇಷ್ಟು ಶ್ರದ್ಧೆಯ ಮನುಷ್ಯ ಬೆಳಿಗ್ಗೆ ಕೆಲಸಕ್ಕೆ ಬರುವುದು ಮಾತ್ರ ಆರು ವರ್ಷದಿಂದ ಅರ್ಧ ಗಂಟೆ ತಡ. ಹಾಸಿಗೆ ಹಿಡಿದ ಹೆಂಡತಿಯ ಕಾಲುಗಳನ್ನು ಮಡಿಸಿ, ಚಾಚಿ, ನೂರು ಎಣಿಸಿದ ಮೇಲೆಯೇ ಅವರು ಮನೆಯಿಂದ ಹೊರಡುತ್ತಿದ್ದರು. "ಸಾಕು ಬಿಡಿ, ಇನ್ನೆಲ್ಲಿ ನಡೀತೀನಿ ನಾನು" ಎಂದು ಆಕೆ ಅಂದರೆ, "ನೀನು ನಡೀದಿದ್ರೂ ಪರವಾಗಿಲ್ಲ ಕಣೆ, ಕಾಲು ಮರೀಬಾರ್ದು" ಎನ್ನುತ್ತಿದ್ದರು. ಆಕೆ ತೀರಿಕೊಂಡು ನಾಲ್ಕು ತಿಂಗಳಾಯಿತು. ಮೇಷ್ಟ್ರು ಈಗಲೂ ಬರುವುದು ಅರ್ಧ ಗಂಟೆ ತಡವಾಗಿಯೇ.