ಆರು ಬಾರದ ರವಿವಾರಗಳು

ನನ್ನ ಜಾಬರ್ ಸತತ ಐದು ರವಿವಾರ ಒಂದೂ ಸಿಕ್ಸರ್ ಹೊಡೆಯಲಿಲ್ಲ. ಅಂಥ ಆಟಗಾರ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ, ಬಿಡಿ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಗಾರರ ಮೇಲೆ ಕೂಗಾಡುವ ಜಾಬರ್ ಒಬ್ಬನನ್ನು ನೋಡಿ, ಆ ಗತ್ತಿಗೆ ಮರುಳಾಗಿ, ನನ್ನ ತಂಡದ ಹೊಡೆತಗಾರನಿಗೆ ಆ ಹೆಸರಿಟ್ಟಿದ್ದೆ. ಉಳಿದ ಹತ್ತು ಮಂದಿಯೂ ಹೀಗೆ ಕಾಗದದ ಮೇಲೆ ಹುಟ್ಟಿದವರೇ.

ಮ್ಯಾಟ್ರಿಕ್ ವರ್ಷ ನಾವು ಮೂವರು ಮೂರು ತಂಡಗಳ ಮ್ಯಾನೇಜರುಗಳಾಗಿದ್ದೆವು. ನಾನು ಗೋಕಾಕದವನು, ಉಳಿದಿಬ್ಬರು, ಮೂಡಲಗಿಯವನೊಬ್ಬ, ಹುಕ್ಕೇರಿಯವನೊಬ್ಬ, ನಮ್ಮೂರಿನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. ಕಚೇರಿಯ ರದ್ದಿಯಲ್ಲಿ ಸಿಕ್ಕ ದಪ್ಪನೆಯ ಕಾಯ್ದೆಪುಸ್ತಕವೇ ನಮ್ಮ ಮೈದಾನ. ಕಣ್ಣು ಮುಚ್ಚಿ ಪುಸ್ತಕ ತೆರೆಯಬೇಕು. ಎಡಪುಟದ ಸಂಖ್ಯೆಯ ಕೊನೆಯ ಅಂಕಿ ಆರಾದರೆ ಸಿಕ್ಸರ್, ಸೊನ್ನೆಯಾದರೆ ಔಟ್. ಯಾರನ್ನು ಮೊದಲು ಇಳಿಸಬೇಕು, ಯಾರನ್ನು ಹೊರಗೆ ಕೂರಿಸಬೇಕು ಎಂಬುದಷ್ಟೇ ಮ್ಯಾನೇಜರನ ಬುದ್ಧಿಗೆ ಬಿಟ್ಟದ್ದು. ತೆರೆಯುವ ಕೈ ಮಾತ್ರ ಮೂವರಿಗೂ ಒಂದೇ, ಮೂಡಲಗಿಯವನದು. ಜಗಳವಾಡದವನ ಕೈ ಇರಲಿ ಎಂದು ನಾವೇ ಅವನಿಗೆ ಒಪ್ಪಿಸಿದ್ದೆವು.

ಅವನು ಕುರಿ ಕಾಯುವ ಮನೆತನದವನು. ಬೋರ್ಡಿಂಗಿನ ಕಾಳಿನ ಕೋಣೆಯ ಕೀಲಿ ಯಾರ ಬಳಿ ಇರಬೇಕೆಂದು ಹುಡುಗರು ಆ ತಿಂಗಳ ಕೊನೆಗೆ ಕೈಯೆತ್ತಿ ಆರಿಸುವವರಿದ್ದರು. ಕೀಲಿ ಹಿಡಿದವನಿಗೆ ಊಟದ ಫೀ ಮಾಫಿ. ಅದು ಸಿಗದಿದ್ದರೆ ಅವನು ಓದು ಬಿಟ್ಟು ಹಿಂಡಿನ ಹಿಂದೆ ಹೋಗಬೇಕಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ನನಗೂ.

ಜಾಬರನನ್ನು ನಾನು ಮೇಲೆ ಇಳಿಸಿದೆ, ಕೆಳಗೆ ಇಳಿಸಿದೆ, ಒಂದು ಆಟ ಜ್ವರವೆಂದು ಮಲಗಿಸಿದೆ. ಹುಕ್ಕೇರಿಯವನಿಗೆ ನಗು.

“ನಿನ್ನ ಜಾಬರಗ ದೃಷ್ಟಿ ಆಗೇತಿ, ತಗಸೋ. ಮೆಣಸಿನಕಾಯಿ ನಾ ತರ್ತೇನಿ.”

ಹಲ್ಲಿ ಲೊಚಗುಟ್ಟಿದರೆ ಹೊಸ್ತಿಲಲ್ಲೇ ನಿಲ್ಲುವ ಅತ್ತೆಯನ್ನು ಅಳುವ ತನಕ ಗೇಲಿ ಮಾಡಿದವನು ನಾನು. ಚರ್ಚಾಸ್ಪರ್ಧೆಗಳಲ್ಲಿ ದೇವರನ್ನೂ ದೈವವನ್ನೂ ಒಟ್ಟಿಗೆ ಅಡ್ಡಡ್ಡ ಸೀಳಿ ಢಾಲು ಗೆದ್ದವನು. ಆದರೆ ಐದು ವಾರ ಆರು ಬೀಳದೆ ಇರುವುದು ಬರೀ ಆಕಸ್ಮಿಕವಾಗಿರಬಹುದು ಎಂಬುದು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಯಾರೋ ಮಾಡುತ್ತಿರಲೇಬೇಕು. ಅತ್ತೆಗೆ ಹಲ್ಲಿ ಇತ್ತು, ನನಗೆ ಗೆಳೆಯ ಸಿಕ್ಕ.

ಐದನೆಯ ರವಿವಾರ, ಬೋರ್ಡಿಂಗಿನ ಕಟ್ಟೆಯ ಮೇಲೆ, ಹತ್ತು ಹದಿನೈದು ಹುಡುಗರ ಎದುರು, ಜಾಬರ್ ಮೊದಲ ಚೆಂಡಿಗೇ ಔಟಾದ.

“ಪುಸ್ತಕಾ ನೀ ತಗಿಯಾಂವ ಅಲ್ಲಲೇ, ನಿನ್ನ ಹೆಬ್ಬಟ್ಟು ತಗಿತೈತಿ,” ಅಂದೆ.

ಮೂಡಲಗಿಯವನು ನಕ್ಕ. “ಹೆಬ್ಬಟ್ಟಿಗೆ ಕಣ್ಣ ಅದಾವೇನೋ?”

“ಕುರಿ ಬೆನ್ನ ತಡವಿ ತೂಕಾ ಹೇಳೋ ಮಂದಿ ನೀವು. ಹಾಳಿ ತಡವಿ ನಂಬರ್ ಹೇಳಾಕ ಎಷ್ಟೊತ್ತು?”

ಹುಡುಗರು ಹೋ ಎಂದರು. ಅವನ ನಗು ನಿಂತಿತು.

“ಹಂಗಾರ ಮದಲ ನಿನ್ನ ಜಾಬರ್ ಹೊಡದ ಸಿಕ್ಸರ್ ಯಾರ ಕೈಯಾಗ ಬಂದ್ವಪಾ?”

ನ್ಯಾಯವಾದ ಪ್ರಶ್ನೆ. ಉತ್ತರವಿಲ್ಲದಾಗ ದನಿ ಏರಿಸಿ ಮರುಪ್ರಶ್ನೆ ಹಾಕಬೇಕೆಂದು ಕಲಿತಿದ್ದೆ.

“ಆವಾಗ ನಿನ್ನ ಟೀಮ್ ತಳದಾಗಿತ್ತು. ಈಗ ಯಾರ ಟೀಮ್ ಮ್ಯಾಲ ಐತಿ? ಹೇಳಲೇ, ಯಾರದೈತಿ?”

ಮೇಲಿದ್ದದ್ದು ಅವನ ತಂಡವೇ. ಅದರಿಂದ ಏನೂ ಸಿದ್ಧವಾಗುತ್ತಿರಲಿಲ್ಲ, ಆದರೆ ಚಪ್ಪಾಳೆ ಬಿತ್ತು.

“ಬಿಡ್ರಲೇ, ಹಾಳ್ಯಾಗಿನ ಆಟಕ್ಕ ಇಷ್ಟ್ಯಾಕ ಬಡದಾಡ್ತೀರಿ,” ಎಂದು ಹುಕ್ಕೇರಿಯವನು ನಡುವೆ ಬಂದ. ಮೂಡಲಗಿಯವನು ಅವನನ್ನು ಸರಿಸಿ, ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟ.

“ನೀನಽ ತಗಿ. ಕಣ್ಣ ಮುಚ್ಚಿ ತಗಿ.”

ತೆರೆದೆ. ಎಡಪುಟ ಮುನ್ನೂರಾ ನಲವತ್ತಾರು. ಕಟ್ಟೆಯ ತುಂಬ ಕೇಕೆ.

ಒಂದು ಸಲ ತೆರೆದದ್ದರಿಂದ ಏನೂ ಸಾಬೀತಾಗುವುದಿಲ್ಲ. ಎಡಪುಟದ ಸಂಖ್ಯೆ ಯಾವಾಗಲೂ ಸಮ, ಕೊನೆಗೆ ಬರಬಹುದಾದ ಅಂಕಿಗಳೇ ಐದು, ಅದರಲ್ಲಿ ಆರೂ ಒಂದು. ವೇದಿಕೆಯಲ್ಲಿ ಎದುರಾಳಿ ಇದನ್ನು ಪುರಾವೆಯೆಂದು ತಂದಿದ್ದರೆ ಅರ್ಧ ನಿಮಿಷದಲ್ಲಿ ಅವನ ಬಾಯಿ ಮುಚ್ಚಿಸುತ್ತಿದ್ದೆ. ಮೂಡಲಗಿಯವನು ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಭಾಷಣಗಳನ್ನೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದವನು. ಈ ಮಾತು ನನಗೆ ತಿಳಿಯದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ನಾನು ಪುಸ್ತಕ ಮುಚ್ಚಿ, “ನೋಡಿದ್ರೆಲ್ಲಾ?” ಅಂದೆ.

ಕೀಲಿಗೆ ಕೈಯೆತ್ತುವ ದಿನ ಅವನಿಗಾಗಿ ಎದ್ದದ್ದು ಮೂರೇ ಕೈ, ಒಂದು ಹುಕ್ಕೇರಿಯವನದು. ನಾನು ಬೋರ್ಡಿಂಗಿನವನಲ್ಲ, ನನಗೆ ಮತವಿರಲಿಲ್ಲ. ಈ ವಾದವನ್ನು ನಾನು ಎಷ್ಟು ಸಲ ನನ್ನೆದುರೇ ಮಂಡಿಸಿದ್ದೇನೆಂದರೆ ಈಗ ಅದು ನನಗೇ ಬೇಸರ.

ಪರೀಕ್ಷೆಗೆ ಮೊದಲೇ ಅವನು ಊರಿಗೆ ಹೊರಟ. ಮೋಟಾರು ಸ್ಟ್ಯಾಂಡಿಗೆ ಹೋದೆ. ಟ್ರಂಕಿನ ಮೇಲೆ ಒಬ್ಬನೇ ಕೂತಿದ್ದ.

“ಅವತ್ತ ಆರು ಬಂದದ್ದು ಬರೇ ನಸೀಬ ಅಂತ ನಿನಗ ಗೊತ್ತಿತ್ತಲ್ಲ?” ಎಂದು ಕೇಳಿದ.

“ಗೊತ್ತಿತ್ತು,” ಅಂದೆ.

ಅವನು ತಲೆಯಾಡಿಸಿ, ಟ್ರಂಕು ಎತ್ತಿಕೊಂಡು ಮೂಡಲಗಿಯ ಬಸ್ಸು ಹತ್ತಿದ. ನಾನು ಆಡಿದ ಆ ಒಂದು ಮಾತು ಕೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.